ಅಮೆಂಜೆ ಎತ್ತಿಟ್ಟ ಚಿಂದಿ

ಹನ್ನೊಂದನೆಯ ನಿಂಬೆಹಣ್ಣು ಹೋಳಾಗುವ ಹೊತ್ತಿಗೆ ಬೀದಿಯಲ್ಲಿ ಮೊದಲ ಕುಲುಮೆಯ ತಿದಿ ಉಸಿರೆಳೆಯುತ್ತದೆ. ಅಮೆಂಜೆ ತಲೆ ಎತ್ತುವುದಿಲ್ಲ. ಹೋಳುಗಳನ್ನು ಹಳೆಯ ಬಣ್ಣದ ಡಬ್ಬಿಗೆ ಹಿಂಡುತ್ತಾರೆ. ಸಿಪ್ಪೆಯನ್ನು ಎಸೆಯದೆ ಎರಡು ಬೆರಳಿಗೆ ಕುಲಾವಿಯ ಹಾಗೆ ತೊಡಿಸಿ, ಜರಡಿ ಹಿಡಿದ ಮರಳಿನಲ್ಲಿ ಅದ್ದಿ, ಮಡಿಲಲ್ಲಿ ಮಲಗಿರುವ ಹಿತ್ತಾಳೆ ಚಿರತೆಯ ಬೆನ್ನು ಉಜ್ಜುತ್ತಾರೆ. ನಿನ್ನೆ ಸಂಜೆ ಅಚ್ಚು ಒಡೆದು ಹೊರಬಂದ ಚಿರತೆ ಇನ್ನೂ ಒಲೆಯಲ್ಲಿ ಮಲಗೆದ್ದ ಬೆಕ್ಕಿನಂತಿದೆ. ಬಿಸಿಲು ಕುಲುಮೆಯ ತಗಡಿನ ಮಾಡಿಗೆ ಬರುವಷ್ಟರಲ್ಲಿ ಅದು ಬಂಗಾರವಾಗಬೇಕು.

"ಅಮೆಂಜಕ್ಕಾ, ನಿನ್ನ ಬೆರಳು ಅದ್ದಿದ್ರೆ ಸಾಕು, ಮೀನಿನ ಸಾರಿಗೆ ಬೇರೆ ಹುಳಿ ಬೇಡ ನೋಡು!" ಎದುರಿನ ಬಾಣಲೆಯ ಹಿಂದಿನಿಂದ ಎಸೊಹೆ ಕೂಗುತ್ತಾಳೆ. ಅಲಸಂದೆ ಹಿಟ್ಟಿನ ವಡೆ ಕರಿದು ಮಾರುವ ಹೆಂಗಸು ಅವಳು. ಇಪ್ಪತ್ತು ವರ್ಷದಿಂದ ಬೀದಿಯ ಆ ಬದಿ ಅವಳು, ಈ ಬದಿ ಇವರು.

"ನಿನ್ನ ನಾಲಿಗೆ ಅದ್ದಿದ್ರೆ ಮೆಣಸಿನಕಾಯೂ ಬೇಡ," ಅನ್ನುತ್ತಾರೆ ಅಮೆಂಜೆ, ಉಜ್ಜುವುದನ್ನು ನಿಲ್ಲಿಸದೆ.

ಇದು ಬೆನಿನ್ ನಗರದ ಎರಕದವರ ಬೀದಿ. ಮೇಣದಲ್ಲಿ ರೂಪ ಕೆತ್ತಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಅದು ಬಿಟ್ಟ ಜಾಗಕ್ಕೆ ಲೋಹ ಹೊಯ್ಯುವವರೆಲ್ಲ ಗಂಡಸರು. ಹೆಂಗಸು ಲೋಹ ಹೊಯ್ಯುವಂತಿಲ್ಲ ಎಂಬುದು ಕುಲದ ಕಟ್ಟು. ಬೆಳಗಬಾರದು ಎಂದು ಮಾತ್ರ ಯಾವ ಕಟ್ಟೂ ಹೇಳಿಲ್ಲ. ಹಾಗಾಗಿ ಅರವತ್ಮೂರು ವರ್ಷದ ಅಮೆಂಜೆ ನಲವತ್ತೊಂದು ವರ್ಷದಿಂದ ಬೆಳಗುತ್ತಿದ್ದಾರೆ. ದಿನಕ್ಕೆ ನಲವತ್ತು ನಿಂಬೆಹಣ್ಣು, ನಾಲ್ಕು ಬೊಗಸೆ ಮರಳು, ಒಂದು ಹಿಡಿ ತೆಂಗಿನ ನಾರು, ಆರೇಳು ಸಾಮಾನು. ದೊಡ್ಡ ತಲೆಯಾದರೆ ಇಡೀ ದಿನಕ್ಕೆ ಅದೊಂದೇ. ಎರಕ ಹೊಯ್ದವನ ಹೆಸರು ತಳದಲ್ಲಿ ಕೊರೆದಿರುತ್ತದೆ. ಬೆಳಗಿದವರ ಹೆಸರು ಎಲ್ಲೂ ಇರುವುದಿಲ್ಲ. ಕೊಳ್ಳಲು ಬಂದವರು ಸಾಮಾನನ್ನು ಬೆಳಕಿಗೆ ಹಿಡಿದು ಆಹಾ ಅನ್ನುತ್ತಾರೆ, ಎರಕದವನ ಕೈ ಕುಲುಕುತ್ತಾರೆ.

ಅಮೆಂಜೆಯ ಕೈ ಕುಲುಕಿದರೂ ಅವರಿಗೆ ಹೆಚ್ಚೇನೂ ಸಿಗದು. ಹುಳಿ ಮತ್ತು ಮರಳು ಸೇರಿ ಬೆರಳ ತುದಿಯ ಗೆರೆಗಳನ್ನು ಎಂದೋ ತಿಂದುಹಾಕಿವೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಬೆರಳಚ್ಚಿನ ಯಂತ್ರ ಮೂರು ಸಲ ಕೆಂಪು ದೀಪ ತೋರಿಸಿತು. "ನಾನು ಇದ್ದೀನೋ ಇಲ್ವೋ ಅಂತ ಯಂತ್ರಕ್ಕೇ ಅನುಮಾನ ಬಂತು," ಎಂದು ನಗುತ್ತಾರೆ. "ಅಲ್ಲಿದ್ದ ಹುಡುಗಿ, ಅಮ್ಮಾ ಹೋಗಿ ಕೈ ತೊಳ್ಕೊಂಡು ಬನ್ನಿ ಅಂದ್ಳು. ಅಯ್ಯೋ ಮಗಳೇ, ತೊಳೆದೂ ತೊಳೆದೂ ಹಿಂಗಾಗಿರೋದು ಅಂದೆ."

ಸೊಸೆಯಾಗಿ ಈ ಬೀದಿಗೆ ಬಂದಾಗ ಅವರಿಗೆ ಇಪ್ಪತ್ತೆರಡು. ಬೆಳಗುವುದನ್ನು ಕಲಿಸಿದವರು ಅತ್ತೆ. ಮಣ್ಣಿನ ಅಚ್ಚು ಕಟ್ಟುತ್ತಿದ್ದ ಗಂಡ ಕುಲುಮೆಯ ಹೊಗೆ ಕುಡಿದೂ ಕುಡಿದೂ ಒಂದು ಮಳೆಗಾಲ ಕೆಮ್ಮುತ್ತಲೇ ಹೋದರು. ಮೂರು ಹೆಣ್ಣುಮಕ್ಕಳು ನಿಂಬೆಯ ವಾಸನೆಯಲ್ಲೇ ಬೆಳೆದು, ಮದುವೆಯಾಗಿ, ಬೇರೆ ಬೇರೆ ಓಣಿಗಳಿಗೆ ಹೋದರು. ಅತ್ತೆ ಕೆಲಸದ ಜೊತೆಗೆ ಒಂದು ನಿಯಮವನ್ನೂ ಕಲಿಸಿದ್ದರು. ಮಾರುವ ಸಾಮಾನು ಒರೆಸಿದ ಚಿಂದಿಯನ್ನು ಒಲೆಗೆ ಹಾಕಬಹುದು. ತೀರಿಹೋದ ಹಿರಿಯರನ್ನು ಪೂಜಿಸುವ ಮನೆಯ ಗದ್ದುಗೆಯ ಹಿತ್ತಾಳೆ ಒರೆಸಿದ ಚಿಂದಿಯನ್ನು ಮಾತ್ರ ಸುಡುವಂತಿಲ್ಲ, ಬಿಸಾಡುವಂತಿಲ್ಲ. ಅದೇ ಮನೆಯ ಗದ್ದುಗೆಯ ಬುಡದಲ್ಲಿ ಹೂಳಬೇಕು. ಪೂಜೆಗೆ ಎರೆದದ್ದರ, ಹಿರಿಯರು ಉಂಡದ್ದರ ಪಸೆ ಅದರಲ್ಲಿರುತ್ತದೆ. ಅದು ಅವರಿಗೇ ಸೇರಬೇಕು.

ಎಂಟು ಗಂಟೆಗೆ ಚಿರತೆಯನ್ನು ಕುಲುಮೆಯ ಯಜಮಾನನಿಗೆ ಒಪ್ಪಿಸಿ ಅಮೆಂಜೆ ಎರಡನೆಯ ಕೆಲಸಕ್ಕೆ ಹೊರಡುತ್ತಾರೆ. ಬೀದಿಯ ಕೊನೆಯಲ್ಲಿ, ಕೇರಿಯವರೇ ಇಟ್ಟಿಗೆ ಹೊತ್ತು ಕಟ್ಟಿಸಿದ ಎರಡು ಕೋಣೆಯ ಸಂಗ್ರಹದ ಮನೆಯಿದೆ. ಅದರ ಕಸ ಗುಡಿಸುವುದು, ನೆಲ ಒರೆಸುವುದು ಅವರ ಪಾಲು. ಒಳಗಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ, ಗದ್ದುಗೆಯ ಹಿರಿಯರೊಬ್ಬರ ಹಿತ್ತಾಳೆಯ ತಲೆ. ಕೊರಳತುಂಬ ಮಣಿಸರ, ಹುಬ್ಬಿನ ಮೇಲೆ ಗೀರು, ಅರೆತೆರೆದ ಕಣ್ಣು. ಊರು ಸುಟ್ಟ ವರ್ಷ ಪರದೇಶದ ಸಿಪಾಯಿಗಳು ಹೊತ್ತೊಯ್ದ ಸಾವಿರಾರು ಸಾಮಾನಿನಲ್ಲಿ ಇದೂ ಒಂದು. ನೂರಿಪ್ಪತ್ತು ವರ್ಷಕ್ಕೂ ಮೇಲೆ ಯೂರೋಪಿನ ಒಂದು ಊರಿನ ಸಂಗ್ರಹಾಲಯದಲ್ಲಿದ್ದು, ಹೋದ ನವೆಂಬರಿನಲ್ಲಿ ಮರದ ಪೆಟ್ಟಿಗೆಯಲ್ಲಿ ಮನೆಗೆ ಬಂದಿದೆ.

ಯಾವ ಮನೆಗೆ ಎಂಬುದೇ ತಿಳಿಯದು. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ನಂಬರಿದೆ, ತೂಕವಿದೆ, ಹೆಸರಿಲ್ಲ. ಈ ಊರಲ್ಲಿ ಬೆಳಗಿನ ನಮಸ್ಕಾರ ಮನೆತನಕ್ಕೊಂದು. ಎದ್ದ ಕೂಡಲೆ ಮಕ್ಕಳು ಹಿರಿಯರ ಮುಂದೆ ಮಂಡಿಯೂರಿ ತಮ್ಮ ಮನೆತನದ ಮಾತಿನಲ್ಲೇ ನಮಸ್ಕರಿಸಬೇಕು. ಇನ್ನೊಂದು ಮನೆಯ ಮಾತು ಆಡಿದರೆ ಅಪ್ಪನಲ್ಲದವನನ್ನು ಅಪ್ಪ ಎಂದಂತೆ. ಹಾಗಾದರೆ ಈ ತಲೆಗೆ ಯಾವ ನಮಸ್ಕಾರ? ಎರಡು ಮನೆತನದವರು ಬಂದು ಇವರು ನಮ್ಮವರು ಎಂದು ಹೇಳಿಹೋಗಿದ್ದಾರೆ. ಎರಡೂ ಕಡೆಯ ಕತೆ ಕೇಳಿದರೆ ಎರಡೂ ನಿಜವೆನಿಸುತ್ತದೆ. ಆದ್ದರಿಂದ ಅಮೆಂಜೆ ದಿನವೂ ಪೊರಕೆ ಗೋಡೆಗೊರಗಿಸಿ, ಮಂಡಿಯೂರಿ, ತಮಗೆ ಗೊತ್ತಿರುವ ಒಂಬತ್ತು ಮನೆತನದ ನಮಸ್ಕಾರಗಳನ್ನೂ ಒಂದಾದ ಮೇಲೊಂದು ಹೇಳಿಬಿಡುತ್ತಾರೆ.

"ಯಾವ್ದಾದ್ರೂ ಒಂದು ತಗಲತ್ತೆ," ಅನ್ನುತ್ತಾರೆ. "ಉಳಿದ ಎಂಟಕ್ಕೆ ಅವರು ಬೇಜಾರು ಮಾಡ್ಕೊಳ್ತಾರೋ ಏನೋ. ಗೊತ್ತಾಗ್ತಿಲ್ಲ."

ಗೊತ್ತಾಗ್ತಿಲ್ಲ ಎಂಬ ಮಾತು ಈ ಎಂಟು ತಿಂಗಳಿನಲ್ಲಿ ಅವರ ಬಾಯಿಗೆ ಅಂಟಿಕೊಂಡಿದೆ. ಅದು ಅಂಟಿದ್ದು ಹೀಗೆ.

ತಲೆ ಬಂದ ಮೂರನೆಯ ದಿನ, ಹಿರಿಯರ ಹಬ್ಬಕ್ಕೆ ಮುಂಚೆ, ಕೇರಿಯ ಮುದುಕರೆಲ್ಲ ನೋಡಲು ಬರುವವರಿದ್ದರು. ಸಂಗ್ರಹದ ಮನೆಯ ಉಸ್ತುವಾರಿ ಇಗ್ಬಿನೋವಿಯಾ ಮೇಷ್ಟ್ರದ್ದು. ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದವರು. ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. "ಅಮೆಂಜಮ್ಮ, ನಾಳೆ ದೊಡ್ಡವರು ಬರ್ತಾರೆ, ಎಲ್ಲ ಶುಚಿಯಾಗಿರ್ಲಿ," ಎಂದು ಹಿಂದಿನ ದಿನ ಬೀಗದ ಕೈ ಕೊಟ್ಟು ಹೋದರು. ಅಮೆಂಜೆ ನೆಲ ಒರೆಸಿದರು, ಕಿಟಕಿ ಒರೆಸಿದರು. ಆಮೇಲೆ ತಲೆಯತ್ತ ನೋಡಿದರು. ಕಡುಕಂದು ಬಣ್ಣ. ಕೊರಳ ಮಣಿಗಳ ನಡುವೆ ಕರಿ ಪಸೆ, ಕಿವಿಯ ಹಿಂದೆ ಹಸಿರು ಕಿಲುಬು. ಈ ಊರಲ್ಲಿ ಹಬ್ಬದ ಹಿಂದಿನ ದಿನ ಹಿರಿಯರ ಹಿತ್ತಾಳೆಯನ್ನು ಇಂಥ ಸ್ಥಿತಿಯಲ್ಲಿ ಬಿಟ್ಟವಳು ಸೊಸೆಯೆನಿಸಿಕೊಳ್ಳುವುದಿಲ್ಲ.

"ಅಷ್ಟು ದೂರದಿಂದ ನಡ್ಕೊಂಡು ಬಂದೋರು," ಎಂದು ಆ ದಿನದ ಮಾತು ಬಂದಾಗ ಅವರು ದನಿ ತಗ್ಗಿಸುತ್ತಾರೆ. "ಕಾಲಿಗೆ ನೀರು ಕೊಡ್ದೆ ಒಳಗೆ ಕೂರ್ಸೋದಾ? ನಾನು ಅದು ಅವರ ಊರಿನ ಧೂಳು ಅಂದ್ಕೊಂಡೆ. ಪರದೇಶದ ಕೊಳೆ ಹೊತ್ಕೊಂಡು ನಮ್ಮ ಮುದುಕರ ಮುಂದೆ ಕೂತ್ರೆ ಅವರಿಗೇ ಅವಮಾನ ಅಲ್ವಾ?"

ಹದಿನಾರು ನಿಂಬೆಹಣ್ಣು ಹಿಡಿಯಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಉಜ್ಜಿದರು. ಮಾರನೆಯ ದಿನ ತಲೆಗೆ ಹೊದಿಸಿದ್ದ ಬಟ್ಟೆಯನ್ನು ಮುದುಕರ ಮುಂದೆ ಸರಿಸಲಾಯಿತು. ಮೊದಲು ಒಬ್ಬರು ಮಂಡಿಯೂರಿದರು, ಆಮೇಲೆ ಎಲ್ಲರೂ. ಮಂಗಳಕ್ಕೆಂದು ಕೋಲಾ ಎಂಬ ಕಹಿ ಕಾಯಿ ಒಡೆದು ಹಂಚಿದರು. "ನೋಡ್ರಯ್ಯಾ, ನೆನ್ನೆ ಹುಟ್ಟಿದ ಹಂಗವ್ರೆ!" ಎಂದು ಒಬ್ಬರು ಕಣ್ಣೊರೆಸಿಕೊಂಡರು. ಮೇಷ್ಟ್ರಿಗೆ ಹೊಳಪು ಕಂಡು, ಇದನ್ನು ತೊಳೆಯಬಾರದಿತ್ತೇನೋ ಎನಿಸಿತಂತೆ. ಆದರೆ ಎದುರಿಗೆ ಅಷ್ಟು ಜನ ಅಳುತ್ತಿದ್ದಾರೆ, ಆ ಹೊತ್ತಿನಲ್ಲಿ ಏನೆನ್ನುವುದು? ಫೋಟೋ ತೆಗೆದು ಯೂರೋಪಿನ ಸಂಗ್ರಹಾಲಯದವರಿಗೆ ಕಳಿಸಿದರು.

ಜನವರಿಯಲ್ಲಿ, ಮರುಭೂಮಿಯ ಧೂಳುಗಾಳಿ ಬೀಸುವ ದಿನಗಳಲ್ಲಿ, ಮೊಹರು ಹಾಕಿದ ಪತ್ರ ಬಂತು. ಬರೆದವರು ಸಂಗ್ರಹಾಲಯದ ಕ್ಲೌಸೆನ್ ಎಂಬ ಹೆಣ್ಣುಮಗಳು. ಮೇಷ್ಟ್ರು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ನಾವು ದೂರುತ್ತಿಲ್ಲ, ತಿಳಿಯಬೇಕೆಂದು ಕೇಳುತ್ತಿದ್ದೇವೆ. ಮೇಲಿನ ಕಂದು ಪದರ ಏನಾಯಿತು? ಅದರಲ್ಲಿ ಆ ಕಾಲದ ಪೂಜೆಯ ರಕ್ತ ಮತ್ತು ಎಣ್ಣೆಯ ಪಸೆ ಉಳಿದಿತ್ತೆಂದು ನಮ್ಮ ಊಹೆ. ಉತ್ತರ ಬರುವವರೆಗೆ, ನಿಮ್ಮ ಊರಿಗೆ ಹಿಂದಿರುಗಿಸಬೇಕಿದ್ದ ಉಳಿದ ಎಂಟು ವಸ್ತುಗಳ ಪ್ರಯಾಣವನ್ನು ತಡೆಹಿಡಿದಿದ್ದೇವೆ.

ರಕ್ತ ಎಂಬ ಸಾಲನ್ನು ಅಮೆಂಜೆ ಇನ್ನೊಮ್ಮೆ ಓದಿಸಿದರು.

ಪ್ರತಿವರ್ಷವೂ ಗದ್ದುಗೆಯ ಹಿತ್ತಾಳೆಯ ಹಳೆಯ ಪಸೆ ತೊಳೆಯುತ್ತಾರೆ, ನಿಜ. ತೊಳೆದ ಮೇಲೆ ಹುಂಜ ಕೊಯ್ದು ಹೊಸದು ಎರೆಯುತ್ತಾರೆ. ಆದರೆ ಈ ತಲೆಗೆ ಕೊನೆಯ ಸಲ ಎರೆದವರು ಊರು ಸುಡುವ ಮುಂಚಿನವರು. ಎರೆದು, ಓಡಿ, ಕಾಡು ಸೇರಿ ಎಲ್ಲೋ ಸತ್ತವರು. ಅವರು ಬಡಿಸಿದ ಕಡೆಯ ಊಟ ಅದು. ನೂರಿಪ್ಪತ್ತು ವರ್ಷ ಅದೊಂದೇ ಊಟದಲ್ಲಿ ಹಿರಿಯರು ದಿನ ದೂಡಿದ್ದಾರೆ. ಅದನ್ನು ಅಮೆಂಜೆ ಹದಿನಾರು ನಿಂಬೆಹಣ್ಣಿನಲ್ಲಿ ತೊಳೆದರೇ?

ಒಂದು ತಿಂಗಳ ಮೇಲೆ ಕ್ಲೌಸೆನಮ್ಮನ ಇನ್ನೊಂದು ಪತ್ರ ಬಂದು ಗೊಂದಲವನ್ನು ಎರಡು ಪಟ್ಟು ಮಾಡಿತು. ಎಂಬತ್ತು ವರ್ಷದ ಹಿಂದೆ ತಮ್ಮಲ್ಲೇ ಯಾರೋ ಹಳೆಯ ಕಳೆ ಬರಲೆಂದು ತಲೆಗೆ ಕಂದು ಮೇಣ ಬಳಿದಿರಬಹುದು, ಹಳೆಯ ಪುಸ್ತಕದಲ್ಲಿ ಅಸ್ಪಷ್ಟವಾಗಿ ಬರೆದಿದೆ, ಖಚಿತವಾಗಿ ಹೇಳಲಾರೆವು ಎಂದಿತ್ತು.

"ಅಂದ್ರೆ ಅವರಿಗೂ ಗೊತ್ತಿಲ್ಲ!" ಎಸೊಹೆ ವಡೆ ಮಗುಚುತ್ತ ತೀರ್ಪು ಕೊಟ್ಟಳು. "ನೀನು ತೊಳೆದಿದ್ದು ಅವರ ಬೂಟ್ ಪಾಲಿಷ್ ಕಣಕ್ಕಾ. ನೆಮ್ಮದಿಯಾಗಿ ಉಂಡು ಮಲ್ಕೊ."

"ಅಲ್ದೇ ಇದ್ರೆ?"

"ಅಲ್ದೇ ಇದ್ರೆ... ನನ್ನ ಕೇಳ್ಬೇಡ, ಎಣ್ಣೆ ಕಾದಿದೆ."

ಮೇಷ್ಟ್ರು ಉತ್ತರ ಬರೆಯಲು ಕುಳಿತರು. ಬರೆದರು, ಹರಿದರು. ಒಂದು ಪ್ರತಿಯಲ್ಲಿ ಇಲ್ಲಿನ ಗಾಳಿಯ ತೇವಕ್ಕೆ ಬಣ್ಣ ಬದಲಾಗಿದೆ ಎಂದಿತ್ತು. ಇನ್ನೊಂದರಲ್ಲಿ ಫೋಟೋದ ದೀಪ ಹೆಚ್ಚಾಗಿತ್ತು ಎಂದಿತ್ತು. ಮತ್ತೊಂದು ಪ್ರತಿ ಸಿಟ್ಟಿನದು: ಕದ್ದವರು ಕೊಳೆಯ ಲೆಕ್ಕ ಕೇಳುವುದೇ? ಅದೇ ಚೆನ್ನಾಗಿತ್ತು ಎಂದು ಎಸೊಹೆಯ ಅಭಿಪ್ರಾಯ. ಯಾವುದೂ ಲಕೋಟೆ ಸೇರಲಿಲ್ಲ. ನಡುನಡುವೆ ಫೋನಿನಲ್ಲಿ ಪತ್ರ ಬರೆಯುತ್ತಿದ್ದೇನೆ ಎಂದು ಎರಡು ಸಾಲು ಕಳಿಸಿ ದಿನ ತಳ್ಳಿದರು. ಫೆಬ್ರವರಿ ಹೋಯಿತು, ಮಾವಿನ ಕಾಲ ಹೋಯಿತು, ಮಳೆ ಬಂದು ಕೆಂಪು ಮಣ್ಣೆಲ್ಲ ಬೀದಿಗಿಳಿಯಿತು.

ಅಮೆಂಜೆಯೂ ಬೇಗ ಬರೀರಿ ಎಂದು ಒತ್ತಾಯಿಸಲಿಲ್ಲ. ಅದಕ್ಕೊಂದು ಕಾರಣವಿತ್ತು. ತಡೆಹಿಡಿದ ಎಂಟು ವಸ್ತುಗಳ ಪಟ್ಟಿಯಲ್ಲಿ ಐದನೆಯದು ಒಂದು ಗದ್ದುಗೆಯ ಗಂಟೆ. ನಾಲ್ಕು ಮೂಲೆಯದು, ಮುಂದೆ ಚಿರತೆಯ ಮುಖ. ಅಮೆಂಜೆಯ ತವರಿನ ಗದ್ದುಗೆಯಲ್ಲಿ ಊರು ಸುಟ್ಟ ವರ್ಷದಿಂದ ಗಂಟೆಯ ಜಾಗ ಖಾಲಿ. ಹಿರಿಯರನ್ನು ಎಬ್ಬಿಸಲು ಗಂಟೆ ಬಾರಿಸಬೇಕಾದ ಕಡೆ ಅವರ ತಾಯಿ ಪಿಂಗಾಣಿ ಬಳಿದ ಕಬ್ಬಿಣದ ತಟ್ಟೆಯನ್ನು ಚಮಚದಿಂದ ಬಡಿಯುತ್ತಿದ್ದರು. ಈಗ ತಮ್ಮನ ಹೆಂಡತಿಯೂ ಅದೇ ತಟ್ಟೆ ಬಡಿಯುತ್ತಾಳೆ. ಪಿಂಗಾಣಿ ಎದ್ದು ಅಂಚೆಲ್ಲ ಕಪ್ಪಾಗಿದೆ. ನಮ್ಮ ಗಂಟೆಯ ಮೇಲೆ ಚಿರತೆಯಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಚಿರತೆಯಿದ್ದ ಗಂಟೆಗಳು ಊರಲ್ಲಿ ನೂರಾರು ಇದ್ದವು, ಅದೂ ಗೊತ್ತು.

"ನಮ್ಮದೇ ಇರ್ಬೇಕು ಅಂತಿಲ್ಲ," ಎನ್ನುತ್ತಾರೆ. "ಯಾರದೋ ಒಬ್ಬರ ಗಂಟೆ ಯಾರದೋ ಒಂದು ಮನೇಲಿ ಬಾರಿಸ್ಬೇಕಲ್ಲ. ನಿಜ ಹೇಳಿದ್ರೆ, ಈ ಮುದುಕಿ ಗಂಟೇನೂ ಉಜ್ಜಿ ಹಾಳ್ಮಾಡ್ತಾಳೆ, ಕಳಿಸ್ಬೇಡಿ ಅಂದ್ಬಿಡ್ತಾರೆ. ಸುಳ್ಳು ಹೇಳಿದ್ರೆ ಗಂಟೆ ಬರತ್ತೆ. ಆದ್ರೆ ಸುಳ್ಳು ಹೇಳಿ ತಂದ ಗಂಟೆ ಬಾರ್ಸಿದ್ರೆ ಹಿರಿಯರು ಏಳ್ತಾರಾ?"

ಎಂಟು ತಿಂಗಳ ಗಂಟು ಬಿಚ್ಚಿದ್ದು ಇರುವೆಯಿಂದ. ಈ ಸೆಪ್ಟೆಂಬರಿನ ಮೊದಲ ವಾರ ಸಂಗ್ರಹದ ಮನೆಯ ಮೂಲೆಯಲ್ಲಿ ಇರುವೆಗಳ ಸಾಲು ಕಂಡು ಮೇಷ್ಟ್ರು ಬೆನ್ನುಹತ್ತಿದರು. ಅದು ಪೊರಕೆಯ ಹಿಂದಿದ್ದ ಹಾಲುಪುಡಿಯ ಡಬ್ಬಿಯ ಬಳಿ ಹೋಗಿ ನಿಂತಿತು.

"ಏನಮ್ಮ ಇದು? ಬಿಸಾಕು ಆಚೆ."

"ಬಿಸಾಕೋ ಹಂಗಿಲ್ಲ ಮೇಷ್ಟ್ರೇ. ಹಿರಿಯರನ್ನ ಒರೆಸಿದ ಚಿಂದಿ ಅದು."

ಮೇಷ್ಟ್ರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಇಸ್ತ್ರಿ ಅಂಗಿಯ ಅಂಚು ನೆಲ ಗುಡಿಸಿತು. ಡಬ್ಬಿಯ ಮುಚ್ಚಳ ತೆಗೆದರೆ ಮಡಿಸಿಟ್ಟ ಬಿಳಿ ಬಟ್ಟೆಯ ಚೂರು. ಬಿಳಿಯೆನ್ನುವ ಹಾಗೇನೂ ಇಲ್ಲ. ಕಂದು, ಕಪ್ಪು, ಅಲ್ಲಲ್ಲಿ ಹಸಿರು. ಕ್ಲೌಸೆನಮ್ಮ ಹುಡುಕುತ್ತಿದ್ದ ಪದರವೆಲ್ಲ ಆ ಡಬ್ಬಿಯಲ್ಲಿತ್ತು.

"ಅಮೆಂಜಮ್ಮ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಹೊಳಪು ಎಲ್ಲಿಂದ ಬಂತು ಅಂತ ಎಲ್ಲಾರೂ ಕೇಳಿದ್ರಿ. ಕೊಳೆ ಎಲ್ಲಿಗೆ ಹೋಯ್ತು ಅಂತ ಒಬ್ರೂ ಕೇಳ್ಲಿಲ್ಲ."

"ನಿಯಮದ ಪ್ರಕಾರ ಹೂಳ್ಬೇಕಿತ್ತಲ್ಲ?"

"ಯಾರ ಗದ್ದುಗೆ ಬುಡದಲ್ಲಿ ಹೂಳ್ಲಿ? ನೀವು ಹೇಳಿ, ಈಗ್ಲೇ ಹೂಳ್ತೀನಿ."

ಮೇಷ್ಟ್ರು ಡಬ್ಬಿಯನ್ನು ಬೆಳಕಿಗೆ ತಿರುಗಿಸಿದರು. ದಾರಿಯೊಂದು ಕಂಡಿತು. ಚಿಂದಿಯನ್ನು ಕಳಿಸಿದರೆ ಅಲ್ಲಿನವರು ಪರೀಕ್ಷೆ ಮಾಡಬಲ್ಲರು. ರಕ್ತವೋ ಮೇಣವೋ ತಿಳಿದುಹೋಗುತ್ತದೆ. ಅಮೆಂಜೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಒಮ್ಮೆ ಆ ಊರಿಗೆ ಹೋದದ್ದು ಹಿಂದೆ ಬರಲು ನೂರಿಪ್ಪತ್ತು ವರ್ಷ ಹಿಡಿದಿದೆ. ತಾವಾಗಿಯೇ ಇನ್ನೊಮ್ಮೆ ಕಟ್ಟಿ ಕಳಿಸುವುದೆಂದರೆ? ಎರಡು ದಿನ ಅವರು ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬೆಳಗಿದರು. ಮೂರನೆಯ ದಿನ ಬೆಳಿಗ್ಗೆ ಎಸೊಹೆಯ ಕತ್ತರಿ ಕೇಳಿ ತಂದರು. ತಲೆಯ ಮುಂದೆ ಮಂಡಿಯೂರಿ ಒಂಬತ್ತು ನಮಸ್ಕಾರ ಹೇಳಿ, ಬಟ್ಟೆಯನ್ನು ನಡುವೆ ಕತ್ತರಿಸಿದರು. ಅರ್ಧ ಡಬ್ಬಿಗೆ, ಅರ್ಧ ಮೇಷ್ಟ್ರ ಕೈಗೆ.

"ಈಗ ಬರೀರಿ. ನಾನು ಹೇಳಿದ್ದನ್ನ ಬರೀರಿ. ನಿಮ್ಮ ಗಾಳಿ, ನಿಮ್ಮ ದೀಪ ಎಲ್ಲ ಬೇಡ."

ಪತ್ರ ಹೀಗಿದೆ. 'ನನ್ನ ಹೆಸರು ಅಮೆಂಜೆ. ತಲೆಯನ್ನು ತೊಳೆದವಳು ನಾನು. ನಲವತ್ತೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದೂರದಿಂದ ಬಂದವರನ್ನು ತೊಳೆಯದೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ತೊಳೆದದ್ದು ನಿಮ್ಮ ಮೇಣವಾದರೆ ನನಗೆ ದುಃಖವಿಲ್ಲ. ನಮ್ಮವರು ಬಡಿಸಿದ್ದಾದರೆ ನನ್ನ ದುಃಖ ನಿಮಗೆ ಬರೆದು ತಿಳಿಸುವಂಥದ್ದಲ್ಲ. ಒರೆಸಿದ ಬಟ್ಟೆಯ ಅರ್ಧ ಇದರೊಂದಿಗಿದೆ. ಏನೆಂದು ನೋಡಿ ತಿಳಿಸಿ. ನೋಡಿದ ಮೇಲೆ ಬಟ್ಟೆಯನ್ನು ವಾಪಸು ಕಳಿಸಿ. ನೋಡಲು ಕೊಟ್ಟಿದ್ದೇನೆ, ಇಟ್ಟುಕೊಳ್ಳಲು ಅಲ್ಲ.'

ಮುಂದೆ ಬರುವುದನ್ನು ಮುಟ್ಟುವುದಿಲ್ಲ ಎಂದು ಒಂದು ಸಾಲು ಸೇರಿಸೋಣ, ಗಂಟೆಗೆ ಒಳ್ಳೆಯದು ಎಂದರು ಮೇಷ್ಟ್ರು. ಅಮೆಂಜೆ ಕಾಗದದ ಮೇಲೆ ಕೈ ಅಡ್ಡ ಇಟ್ಟರು.

"ಮುಟ್ಟಲ್ಲ ಅಂದ್ರೆ ಸುಳ್ಳಾಗತ್ತೆ. ಕೇಳದೆ ಮುಟ್ಟಲ್ಲ ಅಂತ ಬರೀರಿ. ಯಾರನ್ನ ಕೇಳ್ತೀನಿ ಅಂತ ಮಾತ್ರ ಬರೀಬೇಡಿ."

ಕೊರಿಯರ್ ಅಂಗಡಿಯ ಹುಡುಗಿ ಬಟ್ಟೆಯನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ತಿರುಗಿಸಿ ನೋಡುತ್ತಾಳೆ. ಹೊರಗೆ ಸಣ್ಣಗೆ ಮಳೆ. ಫಾರಮ್ಮಿನಲ್ಲಿ ಸಾಮಾನಿನ ಹೆಸರು ಎಂಬ ಕಡೆ ಅವಳ ಪೆನ್ನು ನಿಲ್ಲುತ್ತದೆ.

"ಅಮ್ಮಾ, ಇದನ್ನ ಏನಂತ ಬರೀಲಿ? ಹಳೇ ಬಟ್ಟೇನಾ?"

ಮೇಷ್ಟ್ರು ಅಮೆಂಜೆಯನ್ನು ನೋಡುತ್ತಾರೆ. ಅಮೆಂಜೆ ಮೇಷ್ಟ್ರನ್ನು.

"ಗೊತ್ತಿಲ್ಲ ಮಗಳೇ," ಎನ್ನುತ್ತಾರೆ ಅಮೆಂಜೆ. "ಅದನ್ನ ತಿಳ್ಕೊಳ್ಳೋಕೇ ಕಳಿಸ್ತಿರೋದು."

ಹುಡುಗಿ ನಕ್ಕು, ಬಟ್ಟೆ ಎಂದಷ್ಟೇ ಬರೆಯುತ್ತಾಳೆ. ವಾಪಸು ಬರಬೇಕಾದದ್ದು ಎಂಬಲ್ಲಿ ಒಂದು ಸಣ್ಣ ಚೌಕವಿದೆ. ಅದಕ್ಕೆ ಗುರುತು ಹಾಕಿದೆಯಾ ಎಂದು ಅಮೆಂಜೆ ಎರಡು ಸಲ ಕೇಳುತ್ತಾರೆ. ಆಮೇಲೆ ಪೆನ್ನು ಇಸಿದುಕೊಂಡು, ಆ ಗುರುತಿನ ಮೇಲೆ ತಾವೇ ಇನ್ನೊಂದು ಗುರುತನ್ನು ಕಾಗದ ಹರಿಯುವಷ್ಟು ಒತ್ತಿ ಹಾಕುತ್ತಾರೆ. ಹುಡುಗಿ ಲಕೋಟೆಗೆ ಅಂಟು ಬಳಿದು, ಮೊಹರು ಬಡಿದು, ಹಿಂದಿನ ಚೀಲಕ್ಕೆ ಹಾಕಲು ಕೈ ಚಾಚುತ್ತಾಳೆ.

"ತಡಿ ತಾಯಿ, ಒಂದ್ನಿಮಿಷ." ಅಮೆಂಜೆ ಗೆರೆಯಿಲ್ಲದ ಬೆರಳುಗಳನ್ನು ಲಕೋಟೆಯ ಮೇಲಿಡುತ್ತಾರೆ. ಈ ಊರಲ್ಲಿ ಹೊರಟವರಿಗೆ ಹೋಗು ಎಂದು ಯಾರೂ ಹೇಳುವುದಿಲ್ಲ.

"ಹೋಗಿ ಬಾ," ಎಂದು ಕೈ ತೆಗೆಯುತ್ತಾರೆ. ಲಕೋಟೆ ಚೀಲಕ್ಕೆ ಬೀಳುತ್ತದೆ.